ಸ್ಕಾಲರ್‌ಶಿಪ್ಪಿನವರು ನನ್ನನ್ನು ನೋಡಲು ಬಂದದ್ದು

ಜೀವನದಲ್ಲಿ ಒಂದೇ ಒಂದು ಸಲ ನನ್ನನ್ನು 'ನೋಡಲು' ಬಂದಿದ್ದರು. ಬಂದವರಿಗೆ ಸೊಸೆ ಬೇಕಿರಲಿಲ್ಲ, ಬಿ.ಎಸ್ಸಿ. ಓದುವ ಒಬ್ಬ ಹುಡುಗಿ ಬೇಕಿತ್ತು. ಹಾಗಿದ್ದೂ ಮನೆಯವರು ನನಗೆ ಸೀರೆ ಉಡಿಸಿದರು, ಕೈಗೆ ಚಹಾದ ಟ್ರೇ ಕೊಟ್ಟರು, ತಲೆ ತಗ್ಗಿಸಿ ನಿಲ್ಲು ಅಂದರು. ಆಗ ಬಂದ ಸಿಟ್ಟು ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ. ಈಗ ನಾನು ಅಕ್ಕಲಕೋಟದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಸಿಟ್ಟು ಮಾಡಬಾರದು ಎಂದು ದಿನಾ ಮಕ್ಕಳಿಗೆ ಬುದ್ಧಿ ಹೇಳುತ್ತೇನೆ. ಮುಂದೆ ನನ್ನ ಗಂಡನನ್ನು ನಾನೇ ಹೋಗಿ ನೋಡಿ ಬಂದೆ, ಅದು ಬೇರೆ ಮಾತು. ಆದರೆ ಆ ಟ್ರೇ ನೆನಪಾದರೆ ಇಂದಿಗೂ ಮೂಗು ಬಿಸಿಯಾಗುತ್ತದೆ.

ನಮ್ಮ ಊರು ಚಪಳಗಾಂವ, ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡದ ಊರು. ಹತ್ತನೆಯವರೆಗೆ ಕನ್ನಡ ಶಾಲೆ, ಆಮೇಲೆ ಎರಡು ವರ್ಷ ಎಸ್.ಟಿ. ಬಸ್ಸಿನಲ್ಲಿ ನಿಂತುಕೊಂಡು ಅಕ್ಕಲಕೋಟಕ್ಕೆ ಹೋಗಿ ಬಂದು ಬಾರಾವಿ, ಅಂದರೆ ಹನ್ನೆರಡನೆಯದು, ಪಾಸಾದೆ. ಅದಕ್ಕೆ ಕೆಲ ವರ್ಷಗಳ ಹಿಂದಷ್ಟೇ ನಮ್ಮ ಭಾಗದವರೆಲ್ಲ ಕೂಡಿ ಒಂದು ನಿಧಿ ಮಾಡಿದ್ದರು. ಊರು ಬಿಟ್ಟು ಸೊಲ್ಲಾಪುರದಲ್ಲಿ ಅಂಗಡಿ ಹಾಕಿದವರು ದೀಪಾವಳಿ ಪಾಡ್ಯದ ದಿನ ಕೊಡುತ್ತಿದ್ದರು. ಊರಲ್ಲಿ ಉಳಿದ ರೈತರು ರಾಶಿ ಆದ ಮೇಲೆ ಒಂದೊಂದು ಚೀಲ ತೊಗರಿ ಕೊಡುತ್ತಿದ್ದರು. ಏನೂ ಕೊಡಲಾಗದವರು ಸಭೆಗೆ ಬಂದು ಭಾಷಣ ಕೊಡುತ್ತಿದ್ದರು, ಎಲ್ಲಕ್ಕಿಂತ ಹೆಚ್ಚು ಜಮಾ ಆಗುತ್ತಿದ್ದುದು ಅದೇ. ಬಾರಾವಿ ಮುಗಿಸಿದ ನಮ್ಮ ಕಡೆಯ ಮಕ್ಕಳಲ್ಲಿ ಪ್ರತಿ ವರ್ಷ ಒಬ್ಬರನ್ನು ಆರಿಸಿ ಕಾಲೇಜಿನ ಮೂರು ವರ್ಷದ ಖರ್ಚು ನೋಡಿಕೊಳ್ಳುವುದು ಅವರ ಕೆಲಸ.

ಮೊದಲ ವರ್ಷ ಅವರು ಬರೀ ಮಾರ್ಕು ನೋಡಿ ಒಬ್ಬ ಹುಡುಗಿಯನ್ನು ಆರಿಸಿದ್ದರು. ವೇದಿಕೆ ಹಾಕಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡಿದರು. ಒಂದು ತಿಂಗಳೊಳಗೆ ಆ ಹುಡುಗಿಯ ಮದುವೆಯಾಯಿತು. ಸತ್ಕಾರದ ಶಾಲನ್ನೇ ಬೀಗರಿಗೆ ಹೊದಿಸಿದ್ದನ್ನು ಕಮಿಟಿಯವರೆಲ್ಲ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತ ನೋಡಿದರು. ಅಂದಿನಿಂದ ನಿಯಮ ಬದಲಾಯಿತು. ಮೊದಲು ಮನೆಗೆ ಹೋಗಬೇಕು, ಮೂರು ವರ್ಷ ಓದಿಸುತ್ತೇವೆ ಎಂದು ಮನೆಯವರು ನಾಲ್ಕು ಜನರ ಮುಂದೆ ಮಾತು ಕೊಡಬೇಕು, ಆಮೇಲೆಯೇ ಸ್ಕಾಲರ್‌ಶಿಪ್ಪು. ಮಾತು ಇಲ್ಲದಿದ್ದರೆ ಎಷ್ಟು ಮಾರ್ಕಿದ್ದರೂ ಇಲ್ಲ. ಆಮೇಲೆ ಆರಿಸಿದವರೆಲ್ಲ ಹುಡುಗರೇ, ಮತ್ತೆ ಹುಡುಗಿಯ ಸರದಿ ಬಂದದ್ದು ನನ್ನ ವರ್ಷ.

ನನ್ನ ಕಷ್ಟ ಇದ್ದುದು ಅಲ್ಲೇ. ನಮ್ಮ ಮನೆಯಲ್ಲಿ ಮಾತು ಕೊಡುವವರು ಒಬ್ಬರೇ, ದೊಡ್ಡಪ್ಪ. ಊರಲ್ಲಿ ನ್ಯಾಯ ಹೇಳುವ ಮನುಷ್ಯ. ಎರಡು ಮನೆ ಜಗಳವಾಡಿದರೆ ಮೊದಲು ದೊಡ್ಡಪ್ಪನ ಕಟ್ಟೆಗೆ ಬಂದು, ಆಮೇಲೆ ಪೊಲೀಸರ ಹತ್ತಿರ ಹೋಗುತ್ತಿದ್ದರು. ನಮ್ಮ ಅಪ್ಪ ಅವರ ತಮ್ಮ. ಅಪ್ಪ ಎಮ್ಮೆಗಳ ಜೊತೆ ಆಡಿದಷ್ಟು ಮಾತನ್ನು ಮನುಷ್ಯರ ಜೊತೆ ಆಡಿದ್ದನ್ನು ನಾನು ಕಂಡಿಲ್ಲ. ಅಪ್ಪನಿಗೆ ಏನೇ ಕೇಳಿದರೂ ಬರುವ ಉತ್ತರ ಒಂದೇ: "ಅಣ್ಣಗ ಕೇಳು." ನೋಟುಬುಕ್ಕು ಬೇಕಪ್ಪಾ, ಅಣ್ಣಗ ಕೇಳು. ಮಳಿ ಬರೂ ಹಂಗ ಕಾಣತೈತೇನಪ್ಪಾ, ಅಣ್ಣಗ ಕೇಳು.

ದೊಡ್ಡಪ್ಪನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ತುಂಬಾ ಇತ್ತು, ಕಷ್ಟ ಅದೇ. ದೊಡ್ಡವ್ವನ ತಮ್ಮನ ಮಗನಿಗೆ ನನ್ನನ್ನು ಕೊಟ್ಟರೆ ಹುಡುಗಿ ನಮ್ಮೊಳಗೇ ಉಳಿಯುತ್ತಾಳೆ ಎಂದು ಅವರು ಮನಸ್ಸಲ್ಲಿ ಮಾಡಿಕೊಂಡಿದ್ದರು. ಆ ಹುಡುಗನವರದು ದಕ್ಷಿಣ ಸೊಲ್ಲಾಪುರದ ಕಡೆಯ ಊರು, ನೀರಾವರಿ ಜಮೀನು. ಹುಡುಗ ಕೆಟ್ಟವನಲ್ಲ. ಒಂದು ಮದುವೆಯಲ್ಲಿ ಅವನ ಪಕ್ಕ ಊಟಕ್ಕೆ ಕೂತಿದ್ದೆ. ಹೋಳಿಗೆ ಬರುವಾಗ ಟ್ರ್ಯಾಕ್ಟರಿನ ಮುಂದಿನ ಗಾಲಿಯ ವಿಚಾರ ತೆಗೆದವನು, ಮಜ್ಜಿಗೆ ಬರುವಾಗ ಹಿಂದಿನ ಗಾಲಿಗೆ ಬಂದಿದ್ದ. ಅಷ್ಟು ಹೊತ್ತಿನಲ್ಲಿ ನನ್ನ ಹೆಸರು ಸಹ ಕೇಳಲಿಲ್ಲ. ಮದುವೆ ಮಾಡಿಕೊಂಡರೆ ಇಡೀ ಟ್ರ್ಯಾಕ್ಟರು ಮುಗಿಯಲು ಎಷ್ಟು ವರ್ಷ ಬೇಕು ಎಂದು ಲೆಕ್ಕ ಹಾಕಿ ನಾನು ಹೆದರಿದ್ದೆ. ನನಗೆ ಬೇಕಾಗಿದ್ದದ್ದು ಕಾಲೇಜು. ಸ್ಕಾಲರ್‌ಶಿಪ್ಪು ಬಂದರೆ ಕಾಲೇಜು, ಬರದಿದ್ದರೆ ಟ್ರ್ಯಾಕ್ಟರು. ಮೂರನೆಯ ದಾರಿ ಇರಲಿಲ್ಲ.

ಕಮಿಟಿಯವರು ಭಾನುವಾರ ಮುಂಜಾನೆ ಮನೆಗೆ ಬರುತ್ತಾರೆ ಎಂದು ಫೋನು ಬಂತು. ಅವರು ಯಾರು, ಯಾಕೆ ಬರುತ್ತಾರೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಸರಿಯಾಗಿ ಗೊತ್ತಿತ್ತು. ಹಾಗಿದ್ದೂ ದೊಡ್ಡವ್ವ ಶನಿವಾರವೇ ಅಂಗಳ ಸಾರಿಸಿ, ನೆರೆಮನೆಯಿಂದ ಕುರ್ಚಿ ತರಿಸಿ, ತನ್ನ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದಳು.

"ಸೀರಿ ಯಾಕ ದೊಡ್ಡವ್ವಾ? ಅವರು ನನ್ನ ಮಾರ್ಕ್‌ಲಿಸ್ಟ್ ನೋಡಾಕ ಬರಾಕತ್ತಾರ," ಎಂದೆ.

"ಮಾರ್ಕಲಿಸ್ಟ್ ಉಟಗೊಂಡು ನಿಂದರತೀಯೇನು? ದೊಡ್ಡ ಮಂದಿ ಬರತಾರ. ಮನಿ ಹುಡುಗಿ ಹೆಂಗ ಅದಾಳಂತ ನೋಡಬೇಕೋ ಬ್ಯಾಡೋ? ಸುಮ್ನ ಕೈ ಎತ್ತು."

ನಾನು ಅವ್ವನ ಕಡೆ ನೋಡಿದೆ. ಅವ್ವ ಅವಲಕ್ಕಿ ತೊಳೆಯುತ್ತ, "ಸೀರಿ ಉಡು, ಬಾಯಿ ಮುಚ್ಚು. ಎರಡರಾಗ ಒಂದರ ಮಾಡು," ಎಂದಳು. ನಾನು ಸೀರೆ ಉಟ್ಟೆ.

ಬಂದವರು ಮೂವರು. ಅಧ್ಯಕ್ಷರು ಸೊಲ್ಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ ಇಟ್ಟ ಸಾವಕಾರರು. ಬಟ್ಟೆ ಎಲ್ಲಿ ಕಂಡರೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿ ನೋಡುವುದು ಅವರ ಚಟ. ಎರಡನೆಯವರು ನಿವೃತ್ತ ಮಾಸ್ತರರು, ನಮ್ಮ ಶಾಲೆಯವರಲ್ಲ, ಬೇರೆ ಊರಿನವರು, ಮಾತಾಡಿದರೆ ಪಾಠ ಓದಿದ ಹಾಗೆ. ಮೂರನೆಯವರು ಪಕ್ಕದ ಊರಿನ ರೈತರು, ದೊಡ್ಡ ಕೇಸರಿ ಪೇಟ ಸುತ್ತುವ ಅಜ್ಜ. ಈ ಪೇಟದ ಅಜ್ಜ ತಾಲೂಕಿನಲ್ಲಿ ಕೂಡಿಸಿದ ಮದುವೆಗಳನ್ನು ಎಣಿಸಿದವರಿಲ್ಲ. ಹದಿನೆಂಟು ವರ್ಷದ ಹುಡುಗಿ ಇರುವ ಪರರ ಮನೆಗೆ ಇವರು ಮೂವರೂ ಹೆಣ್ಣು ನೋಡುವುದಕ್ಕೆ ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಹೋದವರಲ್ಲ. ಬೇರೆ ರೀತಿ ಹೇಗೆ ಕೂಡಬೇಕು, ಏನು ಕೇಳಬೇಕು ಎಂಬುದು ಅವರಿಗೂ ಗೊತ್ತಿರಲಿಲ್ಲ, ನಮ್ಮವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ರೀತಿಯಲ್ಲಿ ಮಾಡಿದರು.

ನಾನು ಟ್ರೇ ಹಿಡಿದು ಹೊರಗೆ ಬಂದೆ. ಸಾವಕಾರರು ಕಪ್ಪು ಎತ್ತಿಕೊಳ್ಳುತ್ತ ನನ್ನ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ, "ಇಳಕಲ್ಲಿಂದು. ಹಳೇ ಮಾಲು, ಚಲೋ ಅದ," ಎಂದರು. ದೊಡ್ಡವ್ವನಿಗೆ ಬಾಗಿಲ ಹಿಂದೆ ಸ್ವರ್ಗ ಮೂರೇ ಗೇಣು.

ಪೇಟದ ಅಜ್ಜ ಅವಲಕ್ಕಿ ಅಗಿಯುತ್ತ ಕೇಳಿದರು, "ಅಡಿಗಿ ಬರತದೇನವಾ?"

"ಬರತದ್ರಿ. ಹಾಸ್ಟೆಲಿನ್ಯಾಗ ಮೆಸ್ ಇರತದ್ರಿ," ಎಂದೆ.

"ಸ್ವಲ್ಪ ಆ ಬಾಗಲತನಕಾ ನಡದು ಬಾ ನೋಡೂಣು."

ಮಾಸ್ತರರು ಜೋರಾಗಿ ಕೆಮ್ಮಿದರು. "ಕಾಕಾ, ನಡಿಗೆಯ ಪರೀಕ್ಷೆ ನಮ್ಮ ನಿಯಮಾವಳಿಯಲ್ಲಿ ಇಲ್ಲ," ಎಂದರು.

"ಇರಲಿ ಬಿಡ್ರಿ, ಕಾಲೇಜಿಗಿ ನಡಕೋತ ಹೋಗಬೇಕಲಾ," ಎಂದರು ಪೇಟದ ಅಜ್ಜ. ನಾನು ಬಾಗಿಲವರೆಗೆ ದಪದಪ ಹೆಜ್ಜೆ ಹಾಕಿ ಹೋಗಿ ಬಂದೆ. ಸಿಟ್ಟಿನಲ್ಲಿ ಸೀರೆಯ ನಿರಿಗೆ ಒಂದು ಬಿಚ್ಚಿಕೊಂಡಿತು, ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಉಳಿದ ಪರೀಕ್ಷೆ ಮುಗಿಸಿದೆ.

ಆಮೇಲೆ ಮಾಸ್ತರರ ಸರದಿ. ಈಗಿನ ಹುಡುಗರು ಕನ್ನಡ ಓದುವುದನ್ನೇ ಮರೆತಿದ್ದಾರೆ, ಏನಾದರೂ ಕನ್ನಡದ್ದು ಓದಿಸಿ ನೋಡೋಣ ಎಂದರು. ನನ್ನ ಹಳೆಯ ಪುಸ್ತಕಗಳನ್ನು ದೊಡ್ಡವ್ವ ಆ ಬೇಸಿಗೆಯಲ್ಲೇ ರದ್ದಿಗೆ ಹಾಕಿದ್ದಳು. ಮನೆಯಲ್ಲಿ ಬರುವ ಪೇಪರು ಮರಾಠಿ, ಗೋಡೆಯ ಕ್ಯಾಲೆಂಡರು ಮರಾಠಿ, ಲಗ್ನಪತ್ರಿಕೆಗಳೂ ಮರಾಠಿ. ಕೊನೆಗೆ ಅಪ್ಪ ಕೊಟ್ಟಿಗೆಯಿಂದ, ಕರ್ನಾಟಕದ ಇಂಡಿ ಪೇಟೆಯಲ್ಲಿ ಕೊಂಡಿದ್ದ, ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ ಹಿಡಿದುಕೊಂಡು ಬಂದು ನನ್ನ ಕೈಗೆ ಕೊಟ್ಟ. ಆ ಮನೆಯಲ್ಲಿ ಇದ್ದ ಕನ್ನಡ ಅಷ್ಟೇ. ನಾನು ಗಂಟಲು ಸರಿಮಾಡಿಕೊಂಡು ಓದಿದೆ: "ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ. ಗಾಳಿಗೆ ಎದುರಾಗಿ ಸಿಂಪಡಿಸಬೇಡಿ. ಆಕಸ್ಮಿಕವಾಗಿ ಸೇವಿಸಿದಲ್ಲಿ ಕೂಡಲೇ ವೈದ್ಯರನ್ನು ಕಾಣಿರಿ." ಮಾಸ್ತರರು ಕಣ್ಣು ಮುಚ್ಚಿಕೊಂಡು ಕೇಳಿದರು. "ಉಚ್ಚಾರ ಸ್ಪಷ್ಟವಾಗಿದೆ," ಎಂದರು. ಸಾವಕಾರರು ಮಾತ್ರ ಕೈಯಲ್ಲಿದ್ದ ಚಹಾವನ್ನು ಒಮ್ಮೆ ನೋಡಿ ಕೆಳಗಿಟ್ಟರು.

ಕಡೆಗೆ ಪೇಟದ ಅಜ್ಜ ರೂಢಿಯ ಪ್ರಶ್ನೆ ಕೇಳಿದರು: "ನಿನಗೇನರ ಕೇಳೂದದೇನವಾ?" ಈ ಪ್ರಶ್ನೆಗೆ ಹುಡುಗಿ ತಲೆ ಅಲ್ಲಾಡಿಸಿ ಒಳಗೆ ಹೋಗಬೇಕು, ಅದು ಪದ್ಧತಿ. ನಾನು ಹೋಗಲಿಲ್ಲ.

"ಅದರಿ. ಒಂದು ವಿಷಯದಾಗ ನಾಪಾಸಾದ್ರ ಸ್ಕಾಲರ್‌ಶಿಪ್ ಬಂದ್ ಮಾಡತೀರೇನು? ಪ್ರ್ಯಾಕ್ಟಿಕಲ್ ಸಾಮಾನಿಂದು ಖರ್ಚು ಯಾರು ಕೊಡಾವ್ರು? ನಡುವ ನಿಮ್ಮ ಕಮಿಟ್ಯಾಗ ಜಗಳಾದ್ರ ನಾ ಯಾರನ್ನ ಕೇಳಬೇಕು?"

ಒಳಗೆ ದೊಡ್ಡವ್ವನ ಕೈಯಿಂದ ಏನೋ ಬಿದ್ದ ಸದ್ದಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಮಿಟಿಯಲ್ಲಿ ಜಗಳ ಆಗಲೇ ನಡೆದಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಸಾವಕಾರರು ಮೊದಲು ನಕ್ಕರು. "ಇಕಿ ನಮ್ಮ ಅಂಗಡ್ಯಾಗ ಗಿರಾಕಿಯಾಗಿ ಬರಬಾರದು ನೋಡ್ರಿ," ಎಂದು ದೊಡ್ಡಪ್ಪನ ಕಡೆ ತಿರುಗಿದರು. "ನಮಗ ಹುಡುಗಿ ಪಸಂತ ಅದಾಳ. ಇನ್ನ ನೀವು ಹೇಳ್ರಿ. ಮೂರು ವರ್ಷ ಓದಸತೀವಂತ ಮಾತು ಕೊಡ್ರಿ, ಮುಗೀತು."

ದೊಡ್ಡಪ್ಪ ಮೀಸೆ ನೀವಿಕೊಂಡು, "ಮನ್ಯಾಗ ವಿಚಾರ ಮಾಡಿ ತಿಳಸತೀವ್ರಿ," ಎಂದರು.

ನಮ್ಮ ಕಡೆ ಈ ಮಾತಿಗೆ ಒಂದೇ ಅರ್ಥ. ಬೇಡ ಎನ್ನುವುದನ್ನು ಮರ್ಯಾದೆಯಿಂದ ಹೇಳುವ ಬಗೆ ಅದು. ಜೀವನವೆಲ್ಲ ಇದೇ ಮಾತನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಮುಟ್ಟಿಸಿದ ಪೇಟದ ಅಜ್ಜನ ಮುಖ ಸಣ್ಣದಾಯಿತು. ಮಾಸ್ತರರು ಎದ್ದು, ಬರುವ ಶನಿವಾರ ಕಾಲೇಜಿನಲ್ಲಿ ಪ್ರವೇಶದ ಕೊನೆಯ ದಿನ, ಅಷ್ಟರೊಳಗೆ ಮಾತು ಬರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ಹೇಳಿ ಕಾರು ಹತ್ತಿದರು. ನಾನು ಒಳಗೆ ಹೋಗಿ ಸೀರೆಯನ್ನು ಬಿಚ್ಚಿ ಮೂಲೆಗೆ ಎಸೆದೆ. ದೊಡ್ಡವ್ವ ಅದನ್ನು ಎತ್ತಿ, ಮಡಿಚಿ, ಮತ್ತೆ ಟ್ರಂಕಿಗೆ ಹಾಕಿದಳು. ನನ್ನನ್ನು ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಊರ ಬಾಯಿಗೆ ಕೈ ಅಡ್ಡ ಹಿಡಿಯಲಾಗುತ್ತದೆಯೇ. ಸೋಮವಾರ ಹಿಟ್ಟಿನ ಗಿರಣಿಗೆ ಹೋದರೆ ಒಬ್ಬಾಕೆ, "ಸೊಲ್ಲಾಪುರದ ಸಾವಕಾರ್ರ ಮನಿಗಿ ಹೊಂಟೆಂತಲಾ? ಎಷ್ಟು ಮಜಲಿ ಅದ ಮನಿ?" ಎಂದು ಕೇಳಿದಳು. ಅವರು ಸ್ಕಾಲರ್‌ಶಿಪ್ಪಿನವರು ಅಂದೆ. "ಹೌದಲಾ, ಹುಡುಗ ಸ್ಕಾಲರ್ ಇದ್ದಾನಂತ," ಎಂದಳು ಇನ್ನೊಬ್ಬಾಕೆ. ನನ್ನ ಹಿಟ್ಟಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಮಂಗಳವಾರದ ಹೊತ್ತಿಗೆ ಈ ಸುದ್ದಿ ದೊಡ್ಡವ್ವನ ತವರಿಗೂ ಮುಟ್ಟಿತ್ತು. ದೊಡ್ಡವ್ವನ ತಮ್ಮ ಫೋನಿನಲ್ಲಿ ಎಷ್ಟು ಕೂಗಿದನೆಂದರೆ, ದೊಡ್ಡಪ್ಪ ಫೋನನ್ನು ಒಂದು ಗೇಣು ದೂರ ಹಿಡಿದುಕೊಂಡೇ ಉತ್ತರ ಕೊಡಬೇಕಾಯಿತು. ಕೊನೆಗೆ ದೊಡ್ಡಪ್ಪ, "ಗುರುವಾರ ಬಂದುಬಿಡ್ರಿ. ಕೂತು ಮುಗಸೂಣು," ಎಂದರು.

ಮುಗಿಸುವುದೆಂದರೆ ಸಾಖರಪುಡಾ. ಬಣ್ಣದ ಕಾಗದದ ಪೊಟ್ಟಣದಲ್ಲಿ ಸಕ್ಕರೆ ತಂದು ನಡುವೆ ಇಡುತ್ತಾರೆ, ಹುಡುಗಿಯ ಮನೆಯ ಹಿರಿಯರು ಅದನ್ನು ಬಾಯಿಗೆ ಹಾಕಿಕೊಂಡರೆ ಮಾತು ಆದಂತೆ. ಬುಧವಾರ ರಾತ್ರಿ ಊಟಕ್ಕೆ ಕೂತಾಗ ನಾನು ದೊಡ್ಡಪ್ಪನ ಮುಂದೆ ನಿಂತು, ನನಗೆ ಕಾಲೇಜಿಗೆ ಹೋಗಬೇಕು ಎಂದೆ. ದೊಡ್ಡಪ್ಪ ರೊಟ್ಟಿ ಮುರಿಯುತ್ತ, "ಮದಿವ್ಯಾದ ಮ್ಯಾಲ ಓದಸತಾರ, ಕೇಳೀನಿ ನಾ," ಎಂದರು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ತಾಟಿನ ಕಡೆ ನೋಡುತ್ತಿದ್ದ. ಆ ಹೊತ್ತಿಗೆ ನನಗೆ ದೊಡ್ಡಪ್ಪನಿಗಿಂತ ಅಪ್ಪನ ಮೇಲೆ ಹೆಚ್ಚು ಸಿಟ್ಟು ಬಂತು.

ಗುರುವಾರ ಅಕ್ಕಲಕೋಟದಲ್ಲಿ ಸ್ವಾಮಿಗಳ ವಾರ. ನವಿ ಪೇಠದ ಸಾವಕಾರರು ಯಾವ ಗುರುವಾರವೂ ದರ್ಶನ ತಪ್ಪಿಸುವವರಲ್ಲ. ಆ ದಿನ ದರ್ಶನ ಮುಗಿಸಿ, ಮಾಸ್ತರರನ್ನೂ ಪೇಟದ ಅಜ್ಜನನ್ನೂ ಕೂಡಿಸಿಕೊಂಡು, ಕಡೆಯ ಸಲ ಕೇಳಿ ನೋಡೋಣ ಎಂದು ನಮ್ಮ ಊರಿಗೆ ಕಾರು ತಿರುಗಿಸಿದರು. ಟ್ರ್ಯಾಕ್ಟರಿನ ಕಡೆಯವರು ಬರುವುದಕ್ಕೆ ಇನ್ನೂ ಅರ್ಧ ತಾಸು ಇರುವಾಗ ಇವರು ಅಂಗಳದಲ್ಲಿ ಇಳಿದರು. ಬಂದವರನ್ನು ಹೋಗಿ ಅನ್ನುವುದು ದೊಡ್ಡಪ್ಪನಿಗೆ ಗೊತ್ತಿಲ್ಲ. ಬರ್ರಿ, ಕೂಡ್ರಿ ಎಂದರು. ನೆರೆಯ ಇಬ್ಬರು ಹಿರಿಯರು, ಬೀಗರು ಬರುತ್ತಾರೆಂದು ಮೊದಲೇ ಬಂದು ಕೂತಿದ್ದರು.

ಆಗ ಸಾವಕಾರರು ಕಾರಿನಿಂದ ಒಂದು ಹರಿವಾಣ ತರಿಸಿ ನಡುವೆ ಇಟ್ಟರು. ಮೇಲಿನ ಬಟ್ಟೆ ತೆಗೆದರು. ತೆಂಗಿನಕಾಯಿ, ಅಡಿಕೆ, ಕುಪ್ಪಸದ ಒಂದು ಖಣ, ಗುಲಾಬಿ ಕಾಗದದಲ್ಲಿ ಸುತ್ತಿದ ಸಕ್ಕರೆ. ಪಕ್ಕದಲ್ಲಿ ಸ್ಕಾಲರ್‌ಶಿಪ್ಪಿನ ಪತ್ರ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಗಿರಣಿಯ ಹೆಂಗಸರ ಮಾತು ನೆನಪಾಯಿತು.

ಮಾಸ್ತರರು ಗಾಬರಿಯಾಗಿ, "ಇದೇನು ಸಾವಕಾರ್ರ? ಇದು ನಿಯಮಾವಳಿಯಲ್ಲಿ..." ಎಂದರು.

"ನಮ್ಮ ಮನಿಯಾಕಿಗಿ ಹುಡುಗಿ ಪಸಂತ ಬಂದಾಳಂತ ಹೇಳಿದ್ದೆ. ಹೆಣ್ಣಿನ ಮನಿಗಿ ಎರಡನೇ ಸಲಾ ಬರಿಗೈಲೇ ಹೋಗಬಾರದಂತ ಕಟ್ಟಿಕೊಟ್ಟಳು," ಎಂದರು ಸಾವಕಾರರು. "ನನಗೂ ಖರೇ ಅನಸ್ತು. ಯಾಕ, ತಪ್ಪಾತೇನು?"

ದೊಡ್ಡಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತರು. ಸಕ್ಕರೆ ನಡುವೆ ಇದೆ, ಬಂದವರು ತಂದಿದ್ದಾರೆ, ಮುಟ್ಟದೆ ಕಳಿಸಿದರೆ ಬಂದವರಿಗೆ ಅಪಮಾನ. ಮುಟ್ಟಿದರೆ ಮಾತು. ಹೊರಗೆ ಎಮ್ಮೆ ಒಂದು ಸಲ ಕೂಗಿತು. ದೊಡ್ಡಪ್ಪನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎತ್ತಿ, "ಹಾಂ, ಬರ್ರಿ, ಬರ್ರಿ," ಎಂದಷ್ಟೇ ಹೇಳಿ ಇಟ್ಟರು.

ಅಷ್ಟರಲ್ಲಿ ಅಪ್ಪ ಒಳಗೆ ಬಂದ. ಕೊಟ್ಟಿಗೆಯಲ್ಲಿದ್ದವನು ಕೈಕಾಲು ತೊಳೆದುಕೊಂಡು ಬಂದಿದ್ದ, ಕೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಎಲ್ಲರ ನಡುವೆ ಕುಕ್ಕರಗಾಲಲ್ಲಿ ಕೂತ. ಗುಲಾಬಿ ಕಾಗದವನ್ನು ಹರಿಯದೆ, ನಿಧಾನವಾಗಿ ಬಿಚ್ಚಿದ. ಒಂದು ಚಿಟಿಕೆಯಲ್ಲ, ಒಂದು ಮುಷ್ಟಿ ಸಕ್ಕರೆ ತೆಗೆದು ಬಾಯಿಗೆ ಹಾಕಿಕೊಂಡ. ಬಾಯಿ ತುಂಬಿ ಮಾತಾಡಲು ಬರಲಿಲ್ಲ. ಅಗಿದು, ನುಂಗಿ, ಸಾವಕಾರರ ಕಡೆ ನೋಡಿ, "ಆತ್ರಿ. ಮೂರು ವರ್ಷ," ಎಂದ.

ಪೇಟದ ಅಜ್ಜ ಜನ್ಮವಿಡೀ ಇಂಥ ಗಳಿಗೆಗೇ ತಯಾರಾದವರು. ಒಂದು ಕ್ಷಣ ಬಿಡಲಿಲ್ಲ. "ಮಾತು ಆತು. ಎಲ್ಲಾರೂ ನೋಡೀರಿ," ಎಂದವರೇ ಅಡಿಕೆಯನ್ನು ಹೊಸ್ತಿಲ ಮೇಲಿಟ್ಟು ಕಲ್ಲಿನಿಂದ ಒಡೆದೇಬಿಟ್ಟರು. ಅಡಿಕೆ ಒಡೆದರೆ ಮಾತಿಗೆ ಮುದ್ರೆ ಬಿದ್ದಂತೆ.

ದೊಡ್ಡಪ್ಪ ಎದ್ದು ನಿಂತರು. "ನೀ ಯಾವಾಂವೋ ಮಾತು ಕೊಡಾವ?" ಎಂದು ಅಪ್ಪನಿಗೆ ಕೇಳಿದರು. ಅವರ ಮುಖ ಅಷ್ಟು ಕೆಂಪಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಅಕಿ ಅಪ್ಪ," ಎಂದ ಅಪ್ಪ. ನೆಲ ನೋಡುತ್ತಲೇ ಹೇಳಿದ, ಆದರೆ ಹೇಳಿದ.

"ಮದಿವಿದ್ದಲ್ಲ, ಏನಲ್ಲ. ಇದು ಹೆಂಗ ಮಾತಾಗತದ?" ದೊಡ್ಡಪ್ಪ ಸುತ್ತ ನೋಡಿದರು. ಯಾರಾದರೂ ಹೌದು ಅನ್ನಲಿ ಎಂದು ಕಾಯ್ದರು. ಕೂತಿದ್ದ ನೆರೆಯ ಹಿರಿಯರಲ್ಲಿ ಒಬ್ಬರಿಗೆ, ಹಿಂದೊಮ್ಮೆ ಮಗನ ಸಾಖರಪುಡಾ ಮುರಿಯಲು ಹೋಗಿ ಇದೇ ದೊಡ್ಡಪ್ಪನ ಮುಂದೆ ನ್ಯಾಯಕ್ಕೆ ನಿಂತ ಅನುಭವವಿತ್ತು. ಅವರು ಎಷ್ಟು ವರ್ಷದಿಂದ ಈ ಅವಕಾಶಕ್ಕೆ ಕಾಯುತ್ತಿದ್ದರೋ ಏನೋ. ಬಹಳ ವಿನಯದಿಂದ ಹೇಳಿದರು, "ಸಕ್ಕರಿ ಬಾಯಾಗ ಹಾಕ್ಕೊಂಡ ಮ್ಯಾಲ ನಾಲಿಗಿ ತಿರುಗಬಾರದು, ಯಾತಕ್ಕರ ತಿಂದಿರಲಿ. ನಿಮ್ಮದ ಮಾತದರಿ ಇದು. ನನ್ನ ಮಗನ ಲಗ್ನ ಹಿಂಗ ಮಾಡಸೀರಿ ನೀವು."

ದೊಡ್ಡಪ್ಪ ಕೂತುಬಿಟ್ಟರು. ಅವರ ಕಟ್ಟೆಯ ಮೇಲಿನ ನ್ಯಾಯ ಅವರ ಕೊರಳಿಗೇ ಬಿದ್ದಿತ್ತು.

ಅದೇ ಹೊತ್ತಿಗೆ ಹೊರಗೆ ಜೀಪು ನಿಂತಿತು. ದೊಡ್ಡವ್ವನ ತಮ್ಮ ಮುಂದೆ, ಹಿಂದೆ ಹುಡುಗ, ಅವರ ಹಿಂದೆ ಮತ್ತಿಬ್ಬರು. ಅವರ ಕೈಯಲ್ಲೂ ಒಂದು ಹರಿವಾಣ. ಒಳಗೆ ಬಂದು ನಡುವಿದ್ದ ತೆಂಗಿನಕಾಯಿ, ಬಿಚ್ಚಿದ ಗುಲಾಬಿ ಕಾಗದ, ಒಡೆದ ಅಡಿಕೆ ನೋಡಿ ಅಲ್ಲೇ ನಿಂತರು.

"ಏನಿದು ಮಾವಾ?" ಎಂದು ದೊಡ್ಡವ್ವನ ತಮ್ಮ ಕೇಳಿದ.

ದೊಡ್ಡಪ್ಪ, "ಹುಡುಗೀದು ಸಕ್ಕರಿ ಆತು," ಎಂದರು.

"ಯಾರ ಜೋಡಿ?"

"ಕಾಲೇಜ ಜೋಡಿ."

ಅವನು ಸಾವಕಾರರನ್ನು ನೋಡಿದ, ಮಾಸ್ತರರನ್ನು ನೋಡಿದ, ಪೇಟದ ಅಜ್ಜನನ್ನು ಮೇಲಿಂದ ಕೆಳಗೆ ನೋಡಿದ. ಮೂವರಲ್ಲಿ ಯಾರೂ ವರನಂತೆ ಕಾಣಲಿಲ್ಲ. ಮಾಸ್ತರರು ಎದ್ದು ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳತೊಡಗಿದರು, ಅದು ಇನ್ನೂ ಕೆಟ್ಟದಾಯಿತು. ಚಹಾ ಸಹ ಕುಡಿಯದೆ ಜೀಪಿನವರು ತಿರುಗಿ ನಡೆದರು. ಹುಡುಗ ಮಾತ್ರ ಹೋಗುವಾಗ ಸಾವಕಾರರ ಕಾರಿನ ಗಾಲಿಯನ್ನು ಕಾಲಿನಿಂದ ಒಮ್ಮೆ ಒತ್ತಿ ನೋಡಿ, "ಹವಾ ಕಮ್ಮಿ ಅದರಿ," ಎಂದು ಹೇಳಿಹೋದ. ಪಾಪ, ಒಳ್ಳೆಯ ಹುಡುಗ.

ದೊಡ್ಡವ್ವ ಎರಡು ದಿನ ಸೆರಗು ಮುಖಕ್ಕೆ ಹಾಕಿಕೊಂಡು ಮಲಗಿದಳು. ತವರಿನವರು ಹಾಗೆ ಹೋದರೆ ಅವಳಿಗೂ ನೋವಾಗದಿರುತ್ತದೆಯೇ, ಅದು ನನಗೆ ಆಗ ತಿಳಿಯಲಿಲ್ಲ, ಈಗ ತಿಳಿಯುತ್ತದೆ. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಹುಟ್ಟಿದಾಗಿನಿಂದ ಒಂದೇ ಹೊತ್ತಿಗೆ ಉಂಡವರು, ಈಗ ಅಪ್ಪ ಕೊಟ್ಟಿಗೆಯಲ್ಲಿ ತಾಟು ಹಿಡಿದುಕೊಂಡು ಕೂರುತ್ತಿದ್ದ, ದೊಡ್ಡಪ್ಪ ಒಳಗೆ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದರು. ನನಗಾಗಿ ಇಷ್ಟೆಲ್ಲ ಆಗುತ್ತಿದೆ ಎಂದು ನನಗೆ ಸಂತೋಷಪಡಲು ಸಹ ಹೆದರಿಕೆ. ಶನಿವಾರ ಕಾಲೇಜಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಕೇಳುವ ಧೈರ್ಯವೂ ಆಗಲಿಲ್ಲ. ಕೊಟ್ಟ ಮಾತು ಅಪ್ಪನದು, ಆದರೆ ಅಪ್ಪ ಒಬ್ಬನೇ ಸೊಲ್ಲಾಪುರಕ್ಕೆ ಹೋದವನಲ್ಲ.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಅಂಗಳದಲ್ಲಿ ನಿಂತಿದ್ದರು. ನನಗೂ ಅಲ್ಲ, ಅಪ್ಪನಿಗೂ ಅಲ್ಲ, ಯಾರಿಗೂ ಅಲ್ಲ ಎಂಬಂತೆ, "ಬಸ್ಸಿನ ವ್ಯಾಳ್ಯಾ ಆತು," ಎಂದರು. ಬಸ್ಸಿನಲ್ಲಿ ನಾನು ನಡುವೆ ಕೂತೆ. ಇಬ್ಬರೂ ಬೇರೆ ಬೇರೆ ಕಿಡಕಿಯ ಹೊರಗೆ ನೋಡುತ್ತ ಬಂದರು. ದೊಡ್ಡಪ್ಪ ಮೂರು ಟಿಕೀಟು ತೆಗೆದರು.

ಕಾಲೇಜಿನ ಆಫೀಸಿನ ಕಿಡಕಿಯ ಮುಂದೆ ದೊಡ್ಡ ಸಾಲು. ನಮ್ಮ ಸರದಿ ಬಂದಾಗ ಒಳಗೆ ಕೂತಿದ್ದ ಕ್ಲಾರ್ಕ್ ಹೆಂಗಸು, ಅಲ್ಲಿ ಎಲ್ಲರೂ ಬಾಯಿ ಎಂದು ಕರೆಯುವವರು, ಫಾರ್ಮು ತಿರುಗಿಸಿ, ಪಾಲಕರ ಸಹಿ ಎಂದು ಮರಾಠಿಯಲ್ಲಿ ಹೇಳಿ ಬೆರಳಿಟ್ಟು ತೋರಿಸಿದರು. ನಮ್ಮ ಮನೆಯ ಹೊಲದ ಕಾಗದ, ಸೊಸಾಯಿಟಿಯ ಕಾಗದ, ನನ್ನ ಶಾಲೆಯ ಕಾಗದ, ಎಲ್ಲಕ್ಕೂ ಸಹಿ ದೊಡ್ಡಪ್ಪನದೇ. ರೂಢಿಯಂತೆ ಅವರು ಪೆನ್ನು ತೆಗೆದುಕೊಂಡರು, ಅದರ ಟೊಪ್ಪಿಗೆ ಬಿಚ್ಚಿದರು, ಕಾಗದದ ಮೇಲೆ ಬಾಗಿದರು. ಅಲ್ಲಿಗೇ ನಿಂತರು. ಆಮೇಲೆ ಪೆನ್ನನ್ನು ಅಪ್ಪನ ಕಡೆ ಚಾಚಿದರು.

"ಮಾತು ಕೊಟ್ಟಾಂವ ನೀ. ಸಹಿ ನೀನ ಮಾಡು."

ಎರಡು ದಿನದಲ್ಲಿ ಅವರು ಅಪ್ಪನಿಗೆ ಆಡಿದ ಮೊದಲ ಮಾತು ಅದು. ಅಪ್ಪ ಪೆನ್ನು ಹಿಡಿದ. ಎಮ್ಮೆಯ ಹಗ್ಗ ಹಿಡಿಯುವ ಕೈ, ಪೆನ್ನನ್ನೂ ಹಾಗೇ ಮುಷ್ಟಿಯಲ್ಲಿ ಹಿಡಿದುಕೊಂಡು, ಒಂದೊಂದು ಕನ್ನಡ ಅಕ್ಷರವನ್ನೂ ಬಾಯಿಯಲ್ಲಿ ಹೇಳಿಕೊಳ್ಳುತ್ತ ಬರೆದ. ಹೆಸರು ಚೌಕದಿಂದ ಹೊರಗೆ ಹೋಯಿತು. ಕ್ಲಾರ್ಕ್ ಬಾಯಿ ಅದರ ಮೇಲೆಯೇ ಠಸ್ಸೆ ಒತ್ತಿದರು.

ಮುಗಿಯಿತು ಎಂದು ನಾನು ಹೊರಳಿದೆ. ದೊಡ್ಡಪ್ಪ ಕಿಡಕಿ ಬಿಟ್ಟು ಕದಲಲಿಲ್ಲ. ತಲೆಯ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಆ ಬಾಯಿಗೆ ಎರಡೂ ಕೈ ಮುಗಿದು, ಮರಾಠಿಯಲ್ಲಿ, "ಆಮಚೀ ಮುಲಗೀ ಆಹೇ. ಸಾಂಭಾಳೂನ್ ಘ್ಯಾ," ಎಂದರು. ನಮ್ಮ ಹುಡುಗಿ, ತಪ್ಪು ಮಾಡಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಮದುವೆಯಾದ ಮಗಳನ್ನು ಗಂಡನ ಮನೆಗೆ ಒಪ್ಪಿಸುವಾಗ ಹಿರಿಯರು ಬೀಗರ ಮುಂದೆ ನಿಂತು ಹೇಳುವ ಮಾತು ಅದು.

ಆ ಬಾಯಿ ನನ್ನಷ್ಟೇ ವಯಸ್ಸಿನ ಮಕ್ಕಳ ಮೇಲೆ ಮುಂಜಾನೆಯಿಂದ ಕೂಗಿ ಕೂಗಿ ದಣಿದವರು. ದೊಡ್ಡಪ್ಪನನ್ನು ನೋಡಿದರು, ಠಸ್ಸೆಯನ್ನು ಕೆಳಗಿಟ್ಟರು. "ಹೋ ಕಾಕಾ, ಸಾಂಭಾಳತೋ," ಹೂಂ ಕಾಕಾ, ನೋಡಿಕೊಳ್ಳುತ್ತೇವೆ, ಎಂದರು. ಇಡೀ ವಾರ ಬರೀ ಸಿಟ್ಟು ಮಾಡಿದ್ದ ನನಗೆ ಅಲ್ಲೇ, ಅಷ್ಟು ಜನರ ನಡುವೆ, ತಡೆಯಲಾರದಷ್ಟು ಅಳು ಬಂತು. ಅಪ್ಪ ಒಂದು ಕೈ ನನ್ನ ತಲೆಯ ಮೇಲಿಟ್ಟ, ಇನ್ನೊಂದು ಕೈಯಿಂದ ಅಣ್ಣನ ತೋಳು ಹಿಡಿದುಕೊಂಡ. ಹಿಂದಿನವರು ಮುಂದೆ ಸರೀರಿ ಎಂದು ಗದ್ದಲ ಮಾಡುತ್ತಿದ್ದರು, ನಾವು ಮೂವರೂ ಪಕ್ಕಕ್ಕೆ ಸರಿದು ನಿಂತೆವು.